ಜುಫುರೆ: ನದಿ ದಂಡೆಯ ಒಂದು ಊರು, ಎರಡು ಚರಿತ್ರೆ

ಆಫ್ರಿಕಾ ಖಂಡದ ಭೂಪಟದಲ್ಲಿ ಪಶ್ಚಿಮದ ಅಂಚನ್ನು ಗಮನಿಸಿ ನೋಡಿ. ಸೆನೆಗಲ್ ದೇಶದ ನಡುವೆ, ಅಟ್ಲಾಂಟಿಕ್ ಸಾಗರದ ಕಡೆಯಿಂದ ಒಳನಾಡಿಗೆ ಚಾಚಿಕೊಂಡ ನಾಲಿಗೆಯಂತಹ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಅದು ಗ್ಯಾಂಬಿಯಾ. ಉದ್ದ 300 ಕಿ.ಮೀ.ಗೂ ಹೆಚ್ಚು, ಅಗಲ ಮಾತ್ರ ಎಲ್ಲಿಯೂ 50 ಕಿ.ಮೀ. ದಾಟುವುದಿಲ್ಲ. ಆಫ್ರಿಕಾದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಚಿಕ್ಕ ದೇಶ ಇನ್ನೊಂದಿಲ್ಲ. ಒಂದು ನದಿ ಮತ್ತು ಅದರ ಎರಡು ದಂಡೆ, ಅಷ್ಟೇ ಈ ದೇಶ.

ಈ ನದಿಯ ಉತ್ತರ ದಂಡೆಯಲ್ಲಿ, ಸಮುದ್ರ ಸೇರುವ ಜಾಗದಿಂದ ಸುಮಾರು 30 ಕಿ.ಮೀ. ಮೇಲೆ, ಜುಫುರೆ ಎಂಬ ಹಳ್ಳಿಯಿದೆ. ಮಣ್ಣಿನ ಗೋಡೆಯ ಮನೆಗಳು, ತಗಡಿನ ಸೂರು, ಬಾವೊಬಾಬ್ ಮರಗಳು, ಶೇಂಗಾ ಹೊಲ, ಭತ್ತದ ಗದ್ದೆ. ನೋಡಲು ಪಶ್ಚಿಮ ಆಫ್ರಿಕಾದ ನೂರಾರು ಹಳ್ಳಿಗಳಂತೆಯೇ ಇದೆ. ಆದರೆ 1977ರಿಂದ ಈಚೆಗೆ ಜಗತ್ತಿನ ನಾನಾ ಮೂಲೆಗಳ ಜನ ಈ ಊರನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಅಮೆರಿಕದ ಲೇಖಕ ಅಲೆಕ್ಸ್ ಹೇಲಿ ತನ್ನ 'ರೂಟ್ಸ್' ಕೃತಿಯಲ್ಲಿ, ತನ್ನ ಮೂಲಪುರುಷ ಕುಂಟಾ ಕಿಂಟೆ ಹುಟ್ಟಿದ್ದು ಇಲ್ಲಿ, ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿದ್ದೂ ಇಲ್ಲೇ ಎಂದು ಬರೆದದ್ದು ಇದಕ್ಕೆ ಕಾರಣ.

ಜುಫುರೆಗೆ ಹೀಗೆ ಎರಡು ಚರಿತ್ರೆಗಳಿವೆ. ಒಂದು, ಜಗತ್ತಿಗೆ ಗೊತ್ತಿರುವ ಕುಂಟಾ ಕಿಂಟೆಯ ಕಥೆ. ಇನ್ನೊಂದು, ಹಳೆಯ ಹಡಗುಗಳ ಲೆಕ್ಕಪತ್ರ, ಪ್ರವಾಸಿಗರ ದಿನಚರಿ ಮತ್ತು ಊರಿನ ಹಿರಿಯರ ನೆನಪುಗಳಿಂದ ಇತಿಹಾಸಕಾರರು ಕಟ್ಟಿರುವ ಕಥೆ. ಇವೆರಡೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಅದಕ್ಕೆ ಮೊದಲು ನದಿಯನ್ನು ತಿಳಿಯಬೇಕು.

ಉಪ್ಪು ಮತ್ತು ಸಿಹಿನೀರು

ಗ್ಯಾಂಬಿಯಾ ನದಿ ಹುಟ್ಟುವುದು ಗಿನಿ ದೇಶದ ಫೂಟಾ ಜಾಲೋನ್ ಎತ್ತರದ ಪ್ರದೇಶದಲ್ಲಿ. ಅಲ್ಲಿಂದ ಸೆನೆಗಲ್ ಮೂಲಕ ಸುಮಾರು 1,100 ಕಿ.ಮೀ. ಹರಿದು ಬಾಂಜುಲ್ ನಗರದ ಬಳಿ ಅಟ್ಲಾಂಟಿಕ್ ಸೇರುತ್ತದೆ. ನದಿಯ ಕೆಳಭಾಗ ಬಹುತೇಕ ಸಮತಟ್ಟು. ಹೀಗಾಗಿ ಸಮುದ್ರದ ಉಬ್ಬರ ಇಳಿತದ ಪ್ರಭಾವ ಸುಮಾರು 500 ಕಿ.ಮೀ. ಒಳಗಿನವರೆಗೂ ಕಾಣುತ್ತದೆ. ದೊಡ್ಡ ಹಡಗುಗಳು ಉಬ್ಬರದ ಬಲದಿಂದಲೇ ಬಹುದೂರ ಒಳನಾಡಿಗೆ ಹೋಗಬಲ್ಲವು. ಜಲಪಾತಗಳ ಅಡ್ಡಿಯಿಲ್ಲದ ಇಂತಹ ಜಲಮಾರ್ಗ ಪಶ್ಚಿಮ ಆಫ್ರಿಕಾದಲ್ಲಿ ಅಪರೂಪ. ಯೂರೋಪಿನ ರಾಷ್ಟ್ರಗಳು ಈ ನದಿಗಾಗಿ ಮುನ್ನೂರು ವರ್ಷ ಕಚ್ಚಾಡಿದ್ದಕ್ಕೆ ಮುಖ್ಯ ಕಾರಣ ಇದೇ.

ಇಲ್ಲಿ ಮಳೆಗಾಲ ಜೂನ್‌ನಿಂದ ಅಕ್ಟೋಬರ್‌ವರೆಗೆ. ಮಳೆ ಬಂದಾಗ ಸಿಹಿನೀರು ಉಪ್ಪುನೀರನ್ನು ಸಮುದ್ರದ ಕಡೆಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಹರಿವು ಕುಗ್ಗಿದೊಡನೆ ಉಪ್ಪುನೀರು 200 ಕಿ.ಮೀ.ಗೂ ಮೀರಿ ಒಳಗೆ ಏರುತ್ತದೆ. ಜುಫುರೆ ಇರುವುದು ಈ ಉಪ್ಪುನೀರಿನ ವಲಯದಲ್ಲಿ. ದಂಡೆಯುದ್ದಕ್ಕೂ ಕಾಂಡ್ಲಾ ಕಾಡು. ಅದರ ನಡುವೆ ಹಾವಿನಂತೆ ಹರಿಯುವ ಕಿರುಗಾಲುವೆಗಳು. ಮಂಡಿಂಕಾ ಭಾಷೆಯಲ್ಲಿ ಇವಕ್ಕೆ 'ಬೊಲೊಂಗ್' ಎನ್ನುತ್ತಾರೆ.

ಈ ಪ್ರದೇಶದ ಪ್ರಮುಖ ಜನ ಮಂಡಿಂಕಾಗಳು. ಕೃಷಿಯಲ್ಲಿ ಅವರದು ಸ್ಪಷ್ಟ ವಿಭಜನೆ. ತಗ್ಗಿನ ಗದ್ದೆಗಳಲ್ಲಿ ಭತ್ತ ಬೆಳೆಯುವವರು ಹೆಂಗಸರು. ಎತ್ತರದ ಹೊಲಗಳಲ್ಲಿ ಧಾನ್ಯ, ಈಗ ಶೇಂಗಾ ಬೆಳೆಯುವವರು ಗಂಡಸರು. ಭತ್ತ ಇಲ್ಲಿಗೆ ಏಷ್ಯಾದಿಂದಷ್ಟೇ ಬಂದ ಬೆಳೆಯಲ್ಲ. ಪಶ್ಚಿಮ ಆಫ್ರಿಕಾದ ಜನ ತಮ್ಮದೇ ಆದ ಬೇರೊಂದು ಭತ್ತದ ಜಾತಿಯನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ್ದರು. ಉಪ್ಪುನೀರನ್ನು ತಡೆದು ಮಳೆನೀರಿನಲ್ಲಿ ಗದ್ದೆ ತೊಳೆದು ಭತ್ತ ಬೆಳೆಯುವ ವಿದ್ಯೆ ಅವರಿಗೆ ಗೊತ್ತಿತ್ತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಭತ್ತದ ತೋಟಗಳ ಐಶ್ವರ್ಯಕ್ಕೆ ಗುಲಾಮರ ದುಡಿಮೆಯಷ್ಟೇ ಅಲ್ಲ, ಅವರು ಹೊತ್ತುಕೊಂಡು ಹೋದ ಈ ವಿದ್ಯೆಯೂ ಕಾರಣ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ.

ಉಪ್ಪುನೀರು ಗದ್ದೆಗೆ ಶತ್ರುವಾದರೂ ವ್ಯಾಪಾರಕ್ಕೆ ಮಿತ್ರ. ನದೀಮುಖದ ಜನ ಉಪ್ಪು ತಯಾರಿಸಿ ದೋಣಿಗಳಲ್ಲಿ ತುಂಬಿ ನದಿಯ ಮೇಲ್ಭಾಗಕ್ಕೆ ಒಯ್ಯುತ್ತಿದ್ದರು. ಒಳನಾಡಿನಲ್ಲಿ ಉಪ್ಪಿಗೆ ಬೆಲೆ ಹೆಚ್ಚು. ಬದಲಿಗೆ ಧಾನ್ಯ, ಹತ್ತಿಬಟ್ಟೆ, ಆನೆದಂತ, ಒಂದಿಷ್ಟು ಚಿನ್ನದ ಪುಡಿ ಕೆಳಗೆ ಬರುತ್ತಿತ್ತು. ಬಿಳಿಯರ ಹಡಗು ಬರುವ ಮೊದಲೇ ಈ ನದಿ ಒಂದು ಹೆದ್ದಾರಿಯಾಗಿತ್ತು.

ನಡುಗಡ್ಡೆಯ ಕೋಟೆ

ಯೂರೋಪಿಯನ್ನರಲ್ಲಿ ಮೊದಲು ಬಂದವರು ಪೋರ್ಚುಗೀಸರ ಸೇವೆಯಲ್ಲಿದ್ದ ನಾವಿಕರು. ವೆನಿಸ್ ಮೂಲದ ಕಡಮೋಸ್ಟೊ 1455ರಲ್ಲಿ ನದಿಯ ಬಾಯಿಗೆ ಬಂದಾಗ ಸ್ಥಳೀಯರು ಬಾಣಗಳಿಂದ ಎದುರಿಸಿ ಹಿಂದಕ್ಕಟ್ಟಿದರು. ಮರುವರ್ಷ ಆತ ಮತ್ತೆ ಬಂದ. ಈ ಯಾನದಲ್ಲಿ ಆಂಡ್ರ್ಯೂ ಎಂಬ ನಾವಿಕ ಸತ್ತಾಗ ಅವನನ್ನು ನದಿಯ ನಡುವಿನ ಸಣ್ಣ ನಡುಗಡ್ಡೆಯಲ್ಲಿ ಹೂಳಲಾಯಿತು. ನಡುಗಡ್ಡೆಗೆ ಸಂತ ಆಂಡ್ರ್ಯೂವಿನ ಹೆಸರೇ ನಿಂತಿತು. ಜುಫುರೆಯ ದಂಡೆಯಲ್ಲಿ ನಿಂತರೆ ಈ ನಡುಗಡ್ಡೆ ಎದುರಿಗೇ ಕಾಣುತ್ತದೆ.

ಇದರ ಮೇಲೆ ಮೊದಲು ಕೋಟೆ ಕಟ್ಟಿದವರು ಯಾರು ಎಂದು ಕೇಳಿದರೆ ಅಚ್ಚರಿಯಾಗುತ್ತದೆ. ಇಂದಿನ ಲಾಟ್ವಿಯಾ ದೇಶದ ಭಾಗವಾಗಿರುವ ಕೂರ್‌ಲ್ಯಾಂಡ್ ಎಂಬ ಪುಟ್ಟ ಸಂಸ್ಥಾನದ ದೊರೆ ಯಾಕೋಬ್ 1651ರಲ್ಲಿ ಸ್ಥಳೀಯ ಅರಸನಿಂದ ನಡುಗಡ್ಡೆಯನ್ನು ಪಡೆದು ಕೋಟೆ ಕಟ್ಟಿಸಿದ. ಹತ್ತು ವರ್ಷದಲ್ಲೇ, 1661ರಲ್ಲಿ, ಇಂಗ್ಲಿಷರು ಅದನ್ನು ಕಿತ್ತುಕೊಂಡರು. ಮುಂದೆ ಎರಡನೇ ಜೇಮ್ಸ್ ಎಂಬ ಹೆಸರಿನಲ್ಲಿ ಅರಸನಾದ ಯಾರ್ಕ್‌ನ ಡ್ಯೂಕ್‌ನ ಗೌರವಾರ್ಥ ಅದನ್ನು 'ಜೇಮ್ಸ್ ದ್ವೀಪ' ಎಂದು ಕರೆದರು. ದಂತ, ಚಿನ್ನ, ಜೇನುಮೇಣ, ತೊಗಲು ಹಾಗೂ ಮನುಷ್ಯರು, ಇವು ರಾಯಲ್ ಆಫ್ರಿಕನ್ ಕಂಪನಿಯ ಸರಕು.

ಫ್ರೆಂಚರು ಸುಮ್ಮನಿರಲಿಲ್ಲ. 1681ರಲ್ಲಿ ಜುಫುರೆಗೆ ಹೊಂದಿಕೊಂಡಂತಿರುವ ಅಲ್‌ಬ್ರೆಡಾದಲ್ಲಿ ತಮ್ಮ ಮಳಿಗೆ ತೆರೆದರು. ಅದರ ಪಕ್ಕದಲ್ಲೇ ಸಾನ್ ಡೊಮಿಂಗೊ ಎಂಬ, ಪೋರ್ಚುಗೀಸರು ಹಾಗೂ ಅವರ ಮಿಶ್ರ ಸಂತತಿಯ ವ್ಯಾಪಾರಿಗಳಿದ್ದ ಕೇರಿ. ಒಂದೇ ದಂಡೆಯಲ್ಲಿ ಫ್ರೆಂಚರು ಮತ್ತು ಪೋರ್ಚುಗೀಸರ ವಂಶಜರು, ಎದುರಿನ ನಡುಗಡ್ಡೆಯಲ್ಲಿ ಇಂಗ್ಲಿಷರು! 1695ರಿಂದ ಮುಂದಿನ ಹದಿನೈದು ವರ್ಷಗಳಲ್ಲಿ ಫ್ರೆಂಚರು ನಡುಗಡ್ಡೆಯ ಕೋಟೆಯನ್ನು ಹಲವು ಬಾರಿ ವಶಪಡಿಸಿಕೊಂಡರು. 1719ರಲ್ಲಿ ಹೋವೆಲ್ ಡೇವಿಸ್ ಎಂಬ ಕಡಲ್ಗಳ್ಳ ಅದನ್ನು ಲೂಟಿ ಮಾಡಿದ. 1725ರಲ್ಲಿ ಮದ್ದಿನ ಉಗ್ರಾಣವೇ ಸಿಡಿಯಿತು. ಕೊನೆಗೆ 1779ರಲ್ಲಿ ಫ್ರೆಂಚರು ಕೋಟೆಯನ್ನು ಪುಡಿಗಟ್ಟಿದರು. ಅದು ಮತ್ತೆ ಹಿಂದಿನಂತೆ ಏಳಲಿಲ್ಲ.

ಸುಂಕದ ಕಟ್ಟೆ

ಈ ಜಗಳಗಳ ವಿವರ ಓದುವಾಗ ನಾವು ಒಂದು ತಪ್ಪು ಮಾಡುವ ಸಾಧ್ಯತೆಯಿದೆ. ಕೋಟೆ, ತೋಪು, ಹಡಗು ಎಲ್ಲ ಬಿಳಿಯರವು. ಆದ್ದರಿಂದ ನದಿಯ ಒಡೆಯರೂ ಅವರೇ ಎಂದು ತಿಳಿದುಬಿಡುತ್ತೇವೆ. 18ನೇ ಶತಮಾನದಲ್ಲಿ ವಾಸ್ತವ ಹಾಗಿರಲಿಲ್ಲ.

ಉತ್ತರ ದಂಡೆಯ ಈ ಭಾಗ ನ್ಯೂಮಿ ಎಂಬ ಮಂಡಿಂಕಾ ರಾಜ್ಯಕ್ಕೆ ಸೇರಿತ್ತು. ಬಿಳಿಯರು ಇದನ್ನು 'ಬಾರಾ' ಎಂದು ಕರೆದರು. ಅರಸನಿಗೆ 'ಮಾನ್ಸಾ' ಎಂಬ ಬಿರುದು. ಜಾಮೆ, ಮಾನೆ, ಸೋಂಕೊ ಎಂಬ ಮೂರು ಮನೆತನಗಳವರು ಸರದಿಯ ಮೇಲೆ ಪಟ್ಟಕ್ಕೆ ಬರುವ ಪದ್ಧತಿಯಿತ್ತು. ನಡುಗಡ್ಡೆಯ ಕೋಟೆಯಲ್ಲಿ ಕುಡಿಯುವ ನೀರಿರಲಿಲ್ಲ. ಸೌದೆ ಇರಲಿಲ್ಲ. ಜೋಳ, ಅಕ್ಕಿ, ಕೋಳಿ, ದನ ಎಲ್ಲವೂ ದಂಡೆಯಿಂದಲೇ ಬರಬೇಕು. ಅರಸ ಮುನಿಸಿಕೊಂಡು ದೋಣಿ ನಿಲ್ಲಿಸಿದರೆ ಕೋಟೆಯೊಳಗಿನವರು ಬಾಯಾರಿ ಸಾಯಬೇಕಿತ್ತು. ಮಲೇರಿಯಾದಿಂದ ಬಿಳಿಯರು ಸಾಯುತ್ತಿದ್ದುದೂ ಸಾಮಾನ್ಯ. ಆದ್ದರಿಂದ ಕಂಪನಿ ಅರಸನಿಗೆ ಕಪ್ಪ ಕೊಡುತ್ತಿತ್ತು. ನದಿಗೆ ಬರುವ ಪ್ರತಿ ಹಡಗೂ ಸುಂಕ ತೆರುತ್ತಿತ್ತು.

ಆ ಸುಂಕ ವಸೂಲಿಯಾಗುತ್ತಿದ್ದ ಊರೇ ಜುಫುರೆ.

ಇದಕ್ಕೆ ಒಳ್ಳೆಯ ಸಾಕ್ಷಿ ಸ್ಕಾಟ್ಲೆಂಡಿನ ಪ್ರವಾಸಿ ಮುಂಗೊ ಪಾರ್ಕ್. ನೈಜರ್ ನದಿಯನ್ನು ಹುಡುಕಲು ಹೊರಟ ಆತ 1795ರ ಜೂನ್ ತಿಂಗಳಲ್ಲಿ ಆಫ್ರಿಕಾದಲ್ಲಿ ಮೊದಲು ಇಳಿದದ್ದು ಈ ಊರಿನಲ್ಲಿ. 'ಜಿಲ್ಲಿಫ್ರೀ' ಎಂದು ಅವನು ಬರೆದುಕೊಂಡಿದ್ದಾನೆ. ಬಾರಾದ ಅರಸ ಸಣ್ಣದಿರಲಿ ದೊಡ್ಡದಿರಲಿ ಪ್ರತಿ ಹಡಗಿನಿಂದ ಸುಮಾರು 20 ಪೌಂಡ್ ಬೆಲೆಯ ಸುಂಕ ಪಡೆಯುತ್ತಾನೆ, ಊರಿನ ಅಧಿಕಾರಿ ತಾನೇ ಹಡಗಿಗೆ ಬಂದು ವಸೂಲಿ ಮಾಡುತ್ತಾನೆ, ಅವನ ಹಿಂದೆ ಬರುವ ದೊಡ್ಡ ಪರಿವಾರದವರು ಇಂಗ್ಲಿಷ್ ಕಲಿತುಬಿಟ್ಟಿದ್ದಾರೆ, ಕಂಡದ್ದನ್ನೆಲ್ಲ ಕೇಳಿ ಕಾಡುತ್ತಾರೆ ಎಂದು ಪಾರ್ಕ್ ದೂರುತ್ತಾನೆ. ಪ್ರವಾಸಿಯ ಈ ಗೊಣಗಾಟದಿಂದ ಊರಿನ ಚಿತ್ರ ಸ್ಪಷ್ಟವಾಗುತ್ತದೆ. ಜುಫುರೆ ಹೊರಜಗತ್ತು ಕಾಣದ ಕಾಡಿನ ಕುಗ್ರಾಮವಾಗಿರಲಿಲ್ಲ. ದುಭಾಷಿಗಳು, ಅಂಬಿಗರು, ದಲ್ಲಾಳಿಗಳು, ಸುಂಕದವರು ಇದ್ದ ವ್ಯಾಪಾರದ ಊರಾಗಿತ್ತು.

ವ್ಯಾಪಾರದ ಲೆಕ್ಕಕ್ಕೆ ಇಲ್ಲಿ ಕಬ್ಬಿಣದ ಪಟ್ಟಿಯೇ ಅಳತೆಗೋಲು. ಇಂತಿಷ್ಟು ಮದ್ದು, ಇಂತಿಷ್ಟು ಹೊಗೆಸೊಪ್ಪು ಎಂದರೆ ಒಂದು 'ಪಟ್ಟಿ'; ಮನುಷ್ಯನ ಬೆಲೆಯೂ ಪಟ್ಟಿಗಳಲ್ಲೇ. ಹಡಗುಗಳಿಂದ ಇಳಿಯುತ್ತಿದ್ದ ಸರಕಿನಲ್ಲಿ ಬಂದೂಕು, ಮದ್ಯ, ಮಣಿಗಳ ಜತೆಗೆ ಭಾರತದ ಹತ್ತಿಬಟ್ಟೆಯೂ ಇತ್ತು. ನಮ್ಮ ನೇಕಾರರ ಮಗ್ಗದ ಬಟ್ಟೆ ಲಂಡನ್ನಿನ ಹರಾಜು ಕಟ್ಟೆಗಳನ್ನು ಹಾದು ಆಫ್ರಿಕಾ ತಲುಪಿ ಮನುಷ್ಯರ ಕ್ರಯಕ್ಕೆ ಬಳಕೆಯಾಗುತ್ತಿತ್ತು. ನೆರೆಯ ಸೆನೆಗಲ್ ನದಿಯಲ್ಲಂತೂ ಪಾಂಡಿಚೇರಿಯ ನೀಲಿ ಬಟ್ಟೆ 19ನೇ ಶತಮಾನದಲ್ಲಿ ಅಂಟಿನ ವ್ಯಾಪಾರದ ನಾಣ್ಯವೇ ಆಗಿತ್ತು. ಆ ನೇಕಾರನಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಹಡಗು ಹತ್ತಿದ ಗುಲಾಮರಲ್ಲಿ ಬಹುಪಾಲು ಜನ ನದೀಮುಖದ ಊರುಗಳವರಲ್ಲ. ಯುದ್ಧಗಳಲ್ಲಿ ಸೆರೆಸಿಕ್ಕವರನ್ನು, ದಾಳಿಗಳಲ್ಲಿ ಹಿಡಿದವರನ್ನು, ಅಪರಾಧಿಗಳೆಂದು ತೀರ್ಪಾದವರನ್ನು ಒಳನಾಡಿನಿಂದ ನೂರಾರು ಕಿ.ಮೀ. ನಡೆಸಿಕೊಂಡು ವ್ಯಾಪಾರಿ ತಂಡಗಳು ಕರೆತರುತ್ತಿದ್ದವು. ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದ ಕರಾವಳಿಯಲ್ಲಿ ಹಡಗು ಹತ್ತಿಸಿದ ಗುಲಾಮರ ಒಟ್ಟು ಸಂಖ್ಯೆ ಸುಮಾರು 1.25 ಕೋಟಿ ಎಂದು ಇತಿಹಾಸಕಾರರು ಹಡಗುಗಳ ದಾಖಲೆಗಳಿಂದ ಅಂದಾಜು ಮಾಡಿದ್ದಾರೆ. ಬದುಕಿ ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ಸೆನೆಗಲ್ ಮತ್ತು ಗ್ಯಾಂಬಿಯಾ ನದಿಗಳ ಸೀಮೆಯಿಂದ ಹೋದವರು ಏಳು ಲಕ್ಷಕ್ಕೂ ಹೆಚ್ಚು.

ಕಾಗದ ಕೊಳ್ಳಲು ಹೋದವನು

ಈ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ದಾಖಲೆಯಿರುವ ಒಂದು ಪ್ರಸಂಗ ನೋಡಬಹುದು. ಒಳನಾಡಿನ ಬುಂಡು ಎಂಬಲ್ಲಿ ಅಯೂಬಾ ಸುಲೇಮಾನ್ ಡಿಯಾಲೊ ಎಂಬ ವಿದ್ಯಾವಂತ ಮುಸ್ಲಿಂ ಯುವಕನಿದ್ದ. 1730ರ ಸುಮಾರಿನಲ್ಲಿ ತಂದೆ ಅವನನ್ನು ಗ್ಯಾಂಬಿಯಾ ನದಿಗೆ ಕಳುಹಿಸಿದ. ಕೆಲಸ ಇಷ್ಟೇ: ಇಬ್ಬರು ಗುಲಾಮರನ್ನು ಇಂಗ್ಲಿಷ್ ಹಡಗಿಗೆ ಮಾರುವುದು, ಬರೆಯಲು ಕಾಗದ ಮತ್ತಿತರ ಸಾಮಾನು ತರುವುದು.

ಹಡಗಿನ ಕಪ್ತಾನನೊಂದಿಗೆ ಬೆಲೆ ಕುದುರಲಿಲ್ಲ. ಅಯೂಬಾ ನದಿ ದಾಟಿ ಆ ಇಬ್ಬರನ್ನು ದನಗಳಿಗೆ ವಿನಿಮಯ ಮಾಡಿಕೊಂಡ. ಹಿಂತಿರುಗುವ ದಾರಿಯಲ್ಲಿ ದರೋಡೆಕೋರರು ಅವನನ್ನೇ ಹಿಡಿದರು. ಯುದ್ಧಕೈದಿಯಂತೆ ಕಾಣಲೆಂದು ತಲೆ ಗಡ್ಡ ಬೋಳಿಸಿ ಅದೇ ಕಪ್ತಾನನಿಗೆ ಮಾರಿದರು. ಬಿಡುಗಡೆಯ ಹಣ ತಂದೆಯಿಂದ ಬರುವ ಮೊದಲೇ ಹಡಗು ಹೊರಟಿತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಅವನು ಹೊಗೆಸೊಪ್ಪಿನ ತೋಟದ ಆಳಾದ. ಅವನು ಅರಬ್ಬಿಯಲ್ಲಿ ತಂದೆಗೆ ಬರೆದ ಪತ್ರ ಲಂಡನ್ನಿನಲ್ಲಿ ದೊಡ್ಡವರ ಕೈ ಸೇರಿತು. ಅದರಿಂದಾಗಿ ಅವನ ಬಿಡುಗಡೆಯಾಯಿತು. 1733ರಲ್ಲಿ ಲಂಡನ್ನಿನಲ್ಲಿ ಚಿತ್ರಕಾರ ವಿಲಿಯಂ ಹೋರ್ ಅವನ ಭಾವಚಿತ್ರ ಬರೆದ. 1734ರಲ್ಲಿ ಅಯೂಬಾ ಜೇಮ್ಸ್ ದ್ವೀಪಕ್ಕೆ ಮರಳಿ ಬಂದಿಳಿದ.

ಹೀಗೆ ಹಿಂತಿರುಗಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅವನು ಮಾರಿದ ಆ ಇಬ್ಬರು ಏನಾದರು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮಾರುವವನು ಮರುದಿನ ಮಾರಾಟದ ವಸ್ತುವಾಗಬಹುದಿತ್ತು. ಗುಲಾಮಗಿರಿಯ ವ್ಯಾಪಾರ ಒಂದು ಸಮಾಜವನ್ನು ಒಳಗಿನಿಂದ ಹೇಗೆ ಕೆಡಿಸಿತ್ತು ಎಂಬುದಕ್ಕೆ ಈ ಒಂದು ಪ್ರಸಂಗ ಸಾಕು.

ಶೇಂಗಾ ಬಂತು

1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅಷ್ಟು ವರ್ಷ ಅದೇ ವ್ಯಾಪಾರ ನಡೆಸಿದ ಬ್ರಿಟಿಷರು ಈಗ ಅದನ್ನು ತಡೆಯುವ ಕಾವಲುಗಾರರಾದರು. 1816ರಲ್ಲಿ ನದಿಯ ಬಾಯಿಯಲ್ಲಿ ಬಾತರ್ಸ್ಟ್ ಪಟ್ಟಣ ಕಟ್ಟಿದರು. ಇಂದಿನ ರಾಜಧಾನಿ ಬಾಂಜುಲ್ ಇದೇ. 1826ರಲ್ಲಿ ನ್ಯೂಮಿಯ ಅರಸ ಬುರುಂಗೈ ಸೋಂಕೊನಿಂದ ಉತ್ತರ ದಂಡೆಯುದ್ದಕ್ಕೂ ಒಂದು ಮೈಲಿ ಅಗಲದ ಪಟ್ಟಿಯನ್ನು ಬರೆಸಿಕೊಂಡರು. ಎದುರು ದಡದ ಬಾರಾದಲ್ಲಿ ಬುಲೆನ್ ಕೋಟೆ ಎದ್ದಿತು. ಗುಲಾಮರ ಹಡಗುಗಳನ್ನು ತಡೆಯಲೆಂದೇ ಕಟ್ಟಿದ ಕೋಟೆ ಇದು. 1829ರಲ್ಲಿ ಜೇಮ್ಸ್ ದ್ವೀಪವನ್ನು ಪೂರ್ತಿ ಕೈಬಿಟ್ಟರು.

ಒಳ್ಳೆಯ ಉದ್ದೇಶದ ಹಿಂದೆಯೇ ಇನ್ನೊಂದು ಲೆಕ್ಕಾಚಾರವೂ ಇತ್ತು. ನದಿಯ ಬಾಯಿ ಬ್ರಿಟಿಷರ ತೋಪಿನ ಅಳವಿಗೆ ಬಂದ ಮೇಲೆ ಸುಂಕದ ಆದಾಯ ಅರಸನ ಕೈತಪ್ಪಿತು. 1831ರಲ್ಲಿ ನ್ಯೂಮಿ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿಯಿತು, ಮರುವರ್ಷ ಸೋಲೊಪ್ಪಬೇಕಾಯಿತು. ಜುಫುರೆಯ ಸುಂಕದ ಕಟ್ಟೆಯ ಕಾಲ ಅಲ್ಲಿಗೆ ಮುಗಿಯಿತು. 1857ರಲ್ಲಿ ಫ್ರೆಂಚರೂ ಅಲ್‌ಬ್ರೆಡಾವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. 1889ರಲ್ಲಿ ಎರಡೂ ರಾಷ್ಟ್ರಗಳು ಪ್ಯಾರಿಸ್‌ನಲ್ಲಿ ಕುಳಿತು ನದಿಯ ಎರಡೂ ಬದಿಗೆ ಸುಮಾರು ಹತ್ತು ಹತ್ತು ಕಿ.ಮೀ. ಅಗಲದ ಪಟ್ಟಿ ಬ್ರಿಟನ್ನಿಗೆ, ಉಳಿದದ್ದು ಫ್ರಾನ್ಸಿಗೆ ಎಂದು ಗೆರೆ ಎಳೆದವು. ಒಂದೇ ಭಾಷೆ ಆಡುವ ನೆಂಟರಿಷ್ಟರು ಎರಡು ದೇಶಗಳ ಪ್ರಜೆಗಳಾದರು.

ಈ ನಡುವೆ ದಂಡೆಯ ಆರ್ಥಿಕತೆಯನ್ನು ಬದಲಿಸಿದ್ದು ಶೇಂಗಾ. ಮೂಲತಃ ದಕ್ಷಿಣ ಅಮೆರಿಕದ ಈ ಬೆಳೆ, ನಮ್ಮ ಹೊಲಗಳಿಗೆ ಬಂದಂತೆಯೇ, ಇಲ್ಲಿಗೂ ಸಮುದ್ರ ದಾಟಿ ಬಂದದ್ದು. 1830ರ ದಶಕದಲ್ಲಿ ಅಲ್ಪ ಪ್ರಮಾಣದಲ್ಲಿ ಶುರುವಾದ ರಫ್ತು ಕೆಲವೇ ವರ್ಷಗಳಲ್ಲಿ ಉಳಿದೆಲ್ಲ ಸರಕನ್ನು ಹಿಂದೆ ಹಾಕಿತು. ಫ್ರಾನ್ಸಿನ ಸಾಬೂನು ಕಾರ್ಖಾನೆಗಳಿಗೆ ಎಣ್ಣೆ ಬೇಕಿತ್ತು. ರೈತರು ಶೇಂಗಾ ಬೆಳೆದು ಮಾರಿದರು. ಊಟಕ್ಕೆ ಬೇಕಾದ ಅಕ್ಕಿಯನ್ನು ಹೊರಗಿನಿಂದ ಕೊಳ್ಳತೊಡಗಿದರು. ದೂರದ ಪೇಟೆಯ ಬೆಲೆಗೆ ಕಟ್ಟುಬೀಳುವ ಈ ಬದುಕು ಗ್ಯಾಂಬಿಯಾಕ್ಕೆ ಇಂದಿಗೂ ತಪ್ಪಿಲ್ಲ. ಅಂದಹಾಗೆ, ಸಮುದ್ರ ದಾಟುವ ವ್ಯಾಪಾರ ನಿಂತರೂ ನಾಡಿನೊಳಗಿನ ಗುಲಾಮಗಿರಿ 20ನೇ ಶತಮಾನದ ಆರಂಭದ ದಶಕಗಳವರೆಗೂ ಉಳಿದಿತ್ತು. ಶೇಂಗಾ ಹೊಲಗಳಲ್ಲಿ ದುಡಿದವರಲ್ಲಿ ಅವರೂ ಇದ್ದರು.

ಹೇಲಿ ಬಂದ

ಗ್ಯಾಂಬಿಯಾ ಸ್ವತಂತ್ರವಾದದ್ದು 1965ರ ಫೆಬ್ರವರಿ 18ರಂದು. ಎರಡು ವರ್ಷದ ನಂತರ ಅಲೆಕ್ಸ್ ಹೇಲಿ ಜುಫುರೆಗೆ ಬಂದಿಳಿದ.

ಅವನ ಅಜ್ಜಿ, ಅಜ್ಜಿಯ ಸೋದರಿಯರು ಹೇಳುತ್ತಿದ್ದ ಮನೆತನದ ಕಥೆಯಲ್ಲಿ 'ಕಿಂಟೆ' ಎಂಬ ಆಫ್ರಿಕನ್ ಪೂರ್ವಜನಿದ್ದ. 'ಕೋ' ಎಂಬ ವಾದ್ಯ, 'ಕಾಂಬಿ ಬೊಲೊಂಗೊ' ಎಂಬ ನದಿ, ಹೀಗೆ ಕೆಲವು ಅರ್ಥವಾಗದ ಪದಗಳು ಉಳಿದಿದ್ದವು. ಅದು ಗ್ಯಾಂಬಿಯಾ ನದಿಯೇ ಇರಬೇಕೆಂದು ಗೊತ್ತಾದ ಮೇಲೆ ಹೇಲಿ ಇಲ್ಲಿಗೆ ಬಂದ. ಮಂಡಿಂಕಾ ಸಮಾಜದಲ್ಲಿ ವಂಶಾವಳಿ ಹಾಡುವ 'ಜಾಲಿ'ಗಳೆಂಬ ಪರಂಪರಾಗತ ಕಥನಕಾರರಿದ್ದಾರೆ. ಜುಫುರೆಯಲ್ಲಿ ಕೆಬ್ಬಾ ಫೋಫಾನಾ ಎಂಬ ವೃದ್ಧ ಊರ ಜನರೆದುರು ಕಿಂಟೆ ಮನೆತನದ ವೃತ್ತಾಂತ ಹೇಳಿದ. ಕಟ್ಟಿಗೆ ತರಲು ಹೋದ ಕುಂಟಾ ಎಂಬ ಯುವಕ ಹಿಂತಿರುಗಲಿಲ್ಲ ಎಂಬ ಮಾತು ಬಂದಾಗ ಹೇಲಿ ಕಣ್ಣೀರಾದ. 1767ರ ಸೆಪ್ಟೆಂಬರ್ 29ರಂದು ಗ್ಯಾಂಬಿಯಾದಿಂದ ಮೇರಿಲ್ಯಾಂಡ್‌ನ ಅನ್ನಾಪೊಲಿಸ್ ಬಂದರಿಗೆ ಬಂದ 'ಲಾರ್ಡ್ ಲಿಗೊನಿಯರ್' ಎಂಬ ಹಡಗನ್ನು ದಾಖಲೆಗಳಲ್ಲಿ ಹುಡುಕಿ, ಕುಂಟಾ ಬಂದದ್ದು ಅದರಲ್ಲೇ ಎಂದು ತೀರ್ಮಾನಿಸಿದ.

1976ರಲ್ಲಿ ಪುಸ್ತಕ ಬಂತು. 1977ರ ಜನವರಿಯಲ್ಲಿ ಅಮೆರಿಕದ ದೂರದರ್ಶನ ಅದನ್ನು ಸತತ ಎಂಟು ರಾತ್ರಿ ಪ್ರಸಾರ ಮಾಡಿತು. ಸುಮಾರು 13 ಕೋಟಿ ಜನ ನೋಡಿದರು ಎಂಬುದು ಆಗಿನ ಅಂದಾಜು. ಹೇಲಿಗೆ ವಿಶೇಷ ಪುಲಿಟ್ಜರ್ ಬಹುಮಾನ ಬಂತು. ತಮ್ಮ ಚರಿತ್ರೆ ಹಡಗಿನಿಂದ ಇಳಿದ ದಿನ ಶುರುವಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದ ಅಮೆರಿಕದ ಕಪ್ಪುಜನರಿಗೆ ಹಡಗಿಗೂ ಹಿಂದೆ ಒಂದು ಊರು, ಒಂದು ತಾಯಿ, ಒಂದು ಹೆಸರು ಇತ್ತೆಂದು ಈ ಕಥೆ ತೋರಿಸಿಕೊಟ್ಟಿತು.

ದಾಖಲೆ ಏನು ಹೇಳುತ್ತದೆ?

ಅದೇ ವರ್ಷ ಅನುಮಾನಗಳೂ ಎದ್ದವು. 1977ರಲ್ಲಿ ಲಂಡನ್ನಿನ ಪತ್ರಿಕೆಯ ವರದಿಗಾರ ಮಾರ್ಕ್ ಆಟವೇ ಜುಫುರೆಗೆ ಹೋಗಿ ಬಂದು, ಫೋಫಾನಾ ಪರಂಪರೆಯಿಂದ ಬಂದ ಜಾಲಿಯಲ್ಲ, ಹೇಲಿಗೆ ಏನು ಬೇಕೆಂಬುದು ಊರವರಿಗೆ ಮೊದಲೇ ತಿಳಿದಿತ್ತು ಎಂದು ಬರೆದ. ಇನ್ನೊಬ್ಬ ಲೇಖಕ ಹೆರಾಲ್ಡ್ ಕೂರ್ಲಂಡರ್ ತನ್ನ ಕಾದಂಬರಿಯ ಭಾಗಗಳನ್ನು ಹೇಲಿ ಬಳಸಿದ್ದಾನೆಂದು ಮೊಕದ್ದಮೆ ಹೂಡಿದ. 1978ರಲ್ಲಿ ಹೇಲಿ ಅದನ್ನು ಒಪ್ಪಿಕೊಂಡು ಹಣ ತೆತ್ತು ರಾಜಿಯಾದ.

ನ್ಯೂಮಿ ರಾಜ್ಯದ ಚರಿತ್ರೆಯನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಅಮೆರಿಕದ ಇತಿಹಾಸಕಾರ ಡೊನಾಲ್ಡ್ ರೈಟ್ ಎತ್ತಿದ ಪ್ರಶ್ನೆ ಇನ್ನೂ ಮೂಲಭೂತವಾದದ್ದು. 1981ರ ತನ್ನ ಲೇಖನದಲ್ಲಿ ಆತ, ಇನ್ನೂರು ವರ್ಷ ಹಿಂದಿನ ಒಬ್ಬ ಸಾಮಾನ್ಯ ಯುವಕನ ವಿವರ ಮೌಖಿಕ ಪರಂಪರೆಯಲ್ಲಿ ಹೀಗೆ ಉಳಿಯುವುದು ಅಸಂಭವ ಎಂದ. ಮೇಲಾಗಿ 1767ರ ವೇಳೆಗೆ ಜುಫುರೆಯ ಜನ ನಡುಗಡ್ಡೆಯ ಇಂಗ್ಲಿಷರೊಂದಿಗೆ ನೂರು ವರ್ಷದ ವ್ಯವಹಾರ ಹೊಂದಿದ್ದರು. ಕುಡಿಯುವ ನೀರಿಗೂ ಈ ದಂಡೆಯನ್ನೇ ನಂಬಿದ್ದವರು ಇದೇ ಊರಿನ ಹುಡುಗನನ್ನು ಕಾಡಿನಲ್ಲಿ ಹಿಡಿದು ಒಯ್ಯುತ್ತಿದ್ದರೆ? ಅರಸನ ಕೋಪವನ್ನು ಎದುರುಹಾಕಿಕೊಳ್ಳುವಷ್ಟು ದಡ್ಡರಲ್ಲ ಅವರು. ಅತ್ತ ಅಮೆರಿಕದಲ್ಲಿ ವಂಶಾವಳಿ ತಜ್ಞರಾದ ಮಿಲ್ಸ್ ದಂಪತಿ ವರ್ಜೀನಿಯಾದ ಕಡತಗಳನ್ನು ತೆಗೆದು ನೋಡಿದರು. ಕುಂಟಾ ಎಂದು ಹೇಲಿ ಗುರುತಿಸಿದ 'ಟೋಬಿ' ಎಂಬ ಗುಲಾಮ ಆ ಹಡಗು ಬರುವ ಮೊದಲೇ ಅಲ್ಲಿದ್ದ!

ಹೇಲಿ ಸುಳ್ಳುಗಾರನೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆತ ತನ್ನ ಕೃತಿಯನ್ನು ವಾಸ್ತವ ಮತ್ತು ಕಲ್ಪನೆಗಳ ಬೆರಕೆ ಎಂದು ಸಮರ್ಥಿಸಿಕೊಂಡ. ಆದರೆ ಅದರಿಂದ ಜುಫುರೆಗೆ ಆದ ನಷ್ಟವನ್ನು ಗಮನಿಸಬೇಕು. ಕಥೆಯಲ್ಲಿ ಜುಫುರೆ ಜಗತ್ತಿನಿಂದ ದೂರವಿದ್ದ, ಬಿಳಿಯರನ್ನು ಕಂಡರಿಯದ ಮುಗ್ಧ ಹಳ್ಳಿ. ದಾಖಲೆಯ ಜುಫುರೆ ಸುಂಕ ವಸೂಲಿ ಮಾಡಿದ, ಚೌಕಾಶಿ ಮಾಡಿದ, ಲಾಭ ಪಡೆದ, ಆ ಲಾಭಕ್ಕೆ ತಾನೂ ಬೆಲೆ ತೆತ್ತ ಊರು. ಮೊದಲನೆಯದನ್ನು ನೋಡಿ ಮರುಗುವುದು ಸುಲಭ. ಎರಡನೆಯದು ನಮ್ಮನ್ನು ಪ್ರಶ್ನೆ ಕೇಳುತ್ತದೆ. ಅನ್ಯಾಯದ ವ್ಯವಸ್ಥೆಯೊಂದು ಕೇವಲ ಹೊರಗಿನವರ ಬಲದಿಂದ ನಡೆಯುವುದಿಲ್ಲ; ಅದರಿಂದ ಒಂದಿಷ್ಟು ಪಾಲು ಪಡೆಯುವ ಒಳಗಿನವರೂ ಇರುತ್ತಾರೆ.

ಹಾಗೆಂದು ಹೊಣೆಯನ್ನು ಸಮವಾಗಿ ಹಂಚಿಬಿಡುವುದೂ ಸರಿಯಲ್ಲ. ಹಡಗು, ಬಂಡವಾಳ, ತೋಟ, ಬೇಡಿಕೆ ಎಲ್ಲವೂ ಅಟ್ಲಾಂಟಿಕ್‌ನ ಆಚೆಯವು. ನ್ಯೂಮಿಯ ಅರಸ ಸುಂಕವನ್ನು ಏರಿಸಬಲ್ಲವನಾಗಿದ್ದ. ಈ ವ್ಯಾಪಾರವನ್ನೇ ನಿಲ್ಲಿಸಬಲ್ಲವನಾಗಿರಲಿಲ್ಲ. ಕುಂಟಾ ಕಿಂಟೆ ಜುಫುರೆಯವನಲ್ಲದಿರಬಹುದು. ಆದರೆ ಹೆಸರು ದಾಖಲಾಗದ ಲಕ್ಷಾಂತರ ಕುಂಟಾಗಳು ಈ ನದಿ, ನೆರೆಯ ನದಿಗಳಲ್ಲಿ ಇಳಿದು ಹೋದದ್ದು ನಿಜ.

ಕರಗುತ್ತಿರುವ ನಡುಗಡ್ಡೆ

ಜುಫುರೆಯ ಜನಕ್ಕೆ ಈ ಚರ್ಚೆ ಕೇವಲ ಪಂಡಿತರದ್ದಲ್ಲ. ಅವರ ಜೀವನೋಪಾಯಕ್ಕೆ ಸಂಬಂಧಿಸಿದ್ದು. 1996ರಲ್ಲಿ ಅಲ್‌ಬ್ರೆಡಾದ ಹಳೆಯ ವ್ಯಾಪಾರಿ ಕಟ್ಟಡವೊಂದರಲ್ಲಿ ಗುಲಾಮರ ವ್ಯಾಪಾರದ ವಸ್ತುಸಂಗ್ರಹಾಲಯ ತೆರೆಯಿತು. ಅದೇ ವರ್ಷ ಕಪ್ಪುಜನರ 'ಮನೆಗೆ ಮರಳುವ' ಉತ್ಸವವೂ ಆರಂಭವಾಯಿತು. 2003ರಲ್ಲಿ ನಡುಗಡ್ಡೆ ಹಾಗೂ ಸುತ್ತಲಿನ ತಾಣಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2011ರಲ್ಲಿ ಜೇಮ್ಸ್ ದ್ವೀಪಕ್ಕೆ 'ಕುಂಟಾ ಕಿಂಟೆ ದ್ವೀಪ' ಎಂದು ಮರುನಾಮಕರಣವಾಯಿತು. ಒಬ್ಬ ರಾಜಕುಮಾರನ ಹೆಸರು ಅಳಿಸಿ ಒಬ್ಬ ಗುಲಾಮನ ಹೆಸರು ಬಂತು. ಆ ಗುಲಾಮ ಅರ್ಧ ಕಲ್ಪನೆಯವನಾದರೂ ಇದರಲ್ಲಿ ಒಂದು ನ್ಯಾಯವಿದೆ.

ನಡುಗಡ್ಡೆ ಮಾತ್ರ ಉಳಿಯುವ ಸ್ಥಿತಿಯಲ್ಲಿಲ್ಲ. ಅಲೆಗಳ ಕೊರೆತದಿಂದ ಅದು ಕೋಟೆಯ ಕಾಲದ ಗಾತ್ರದ ಆರನೆಯ ಒಂದು ಭಾಗದಷ್ಟಾಗಿದೆ. ಹೊರಗೋಡೆಗಳು ನೀರುಪಾಲಾಗಿವೆ. ದಂಡೆಯ ಮೇಲೂ ಉಪ್ಪಿನದೇ ಚಿಂತೆ. 1970ರ ದಶಕದ ಬರಗಾಲಗಳ ನಂತರ ಮಳೆ ಮೊದಲಿನಂತಿಲ್ಲ. ಹೆಂಗಸರು ತಲೆಮಾರುಗಳಿಂದ ಕಾಪಾಡಿದ್ದ ಎಷ್ಟೋ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ಭತ್ತ ಬೆಳೆಯದಾಗಿದೆ.

ಗದ್ದೆ ಹೋಯಿತು, ಶೇಂಗಾಕ್ಕೆ ಬೆಲೆಯಿಲ್ಲ. ಯುವಕರು ಏನು ಮಾಡಬೇಕು? ಮರುಭೂಮಿ ದಾಟಿಯೋ ಕಡಲ ದೋಣಿ ಹತ್ತಿಯೋ ಕಾಗದಪತ್ರವಿಲ್ಲದೆ ಯೂರೋಪ್ ಸೇರುವುದಕ್ಕೆ ಗ್ಯಾಂಬಿಯಾದಲ್ಲಿ 'ಹಿಂದಿನ ದಾರಿ' ಎಂಬ ಹೆಸರೇ ಇದೆ. 2019ರ ನವೆಂಬರ್ ಕೊನೆಯಲ್ಲಿ ಗ್ಯಾಂಬಿಯಾದಿಂದ ಹೊರಟ, ಕನಿಷ್ಠ 150 ಜನರಿದ್ದ ದೋಣಿಯೊಂದು ಡಿಸೆಂಬರ್ 4ರಂದು ಮಾರಿಟೇನಿಯಾದ ಕರಾವಳಿಯಲ್ಲಿ ಮುಳುಗಿತು. ಸತ್ತವರು ಐವತ್ತೆಂಟಕ್ಕೂ ಹೆಚ್ಚು. ಅವರಲ್ಲಿ ಅನೇಕರು ಬಾರಾ ಸುತ್ತಲಿನ ಊರುಗಳವರು. ಗುಲಾಮರ ಹಡಗುಗಳನ್ನು ತಡೆಯಲು ಬುಲೆನ್ ಕೋಟೆ ಕಟ್ಟಿದ್ದು ಅದೇ ಬಾರಾದಲ್ಲಿ.

ಅಂದು ಹೋದವರನ್ನು ಸರಪಳಿ ಹಾಕಿ ಒಯ್ದರು; ಇಂದಿನವರು ಸಾಲ ಮಾಡಿ ಹಣ ಕೊಟ್ಟು ಹೋಗುತ್ತಾರೆ. ಎರಡನ್ನೂ ಒಂದೇ ಎನ್ನುವುದು ತಪ್ಪಾದೀತು. ಆದರೂ ಒಂದು ವ್ಯತ್ಯಾಸವನ್ನು ನಾವು ಬಯಸಬಹುದು. ಅಂದು ಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದಕ್ಕಾಗಿಯೇ ಇನ್ನೂರು ವರ್ಷಗಳ ನಂತರ ಒಬ್ಬ ಲೇಖಕ ಒಂದು ಹೆಸರನ್ನು ಅರ್ಧ ಕಲ್ಪಿಸಿಕೊಳ್ಳಬೇಕಾಯಿತು. ಇಂದು ಹೋಗುವವರ ಹೆಸರುಗಳಾದರೂ ಅವರ ಊರಿನಲ್ಲಿ, ಸರಕಾರದ ಕಡತದಲ್ಲಿ ಉಳಿಯಲಿ.